ಹನ್ನೊಂದು ಹೆಜ್ಜೆಯ ನಿದ್ದೆ

ಆಯಮ್ಮ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ರಜೆ ಹಾಕಿದರು. ಬೆಳಗಿನ ಜಾವ ಮಗಳಿಗೆ ಹೆರಿಗೆಯಾಯಿತೆಂದು ನೆರೆಮನೆಯವರ ಕೈಯಲ್ಲಿ ಒಂದು ಚೀಟಿ ಬರೆಸಿ ಕಳಿಸಿದ್ದರು. ಅದರಲ್ಲಿದ್ದದ್ದು ಮೂರೇ ಮಾತು: 'ಮೊಮ್ಮಗಳು ಹುಟ್ಟಿದಳು. ಇವತ್ತು ಬರುವುದಿಲ್ಲ. ಪರದೆ ಒಗೆದು ಮಡಿಸಿಟ್ಟಿದ್ದೇನೆ.' ಇಷ್ಟು ಒಳ್ಳೆಯ ಸುದ್ದಿಯನ್ನು ಓದಿ ಶಿಶುವಿಹಾರದ ಗುಮಾಸ್ತರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ಹಾಗಾಗಲು ಕಾರಣವಿತ್ತು. ಅದು ಯಾವುದೋ ಇಲಾಖೆ ತನ್ನ ನೌಕರರ ಮಕ್ಕಳಿಗೆಂದು ನಡೆಸುತ್ತಿದ್ದ ಶಿಶುವಿಹಾರ. ಎರಡರಿಂದ ನಾಲ್ಕು ವರ್ಷದ ಹದಿನೆಂಟು ಮಕ್ಕಳು. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಅಲ್ಲಿನ ಗಲಾಟೆಗೆ ಹೋಲಿಸಿದರೆ ಸಂತೆಯೇ ವಾಸಿ. ಆದರೆ ಮಧ್ಯಾಹ್ನ ಒಂದೂಕಾಲಿಗೆ ಆಯಮ್ಮ ಆ ಹದಿನೆಂಟೂ ಜನರನ್ನು ಮಲಗುವ ಕೋಣೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅದೇನೇನೋ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಅವರು ಬಂದ ಏಳನೆಯ ನಿಮಿಷಕ್ಕೆ ಒಳಗೆ ಸೊಲ್ಲೇ ಇಲ್ಲ! ಮೂರು ಗಂಟೆಯವರೆಗೆ ಹಾಗೇ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಸರದಿಯ ಮೇಲೆ ಹೆಗಲಿಗೆ ಹಾಕಿಕೊಂಡು ತಿರುಗಿದರೂ ಕಣ್ಣು ಮುಚ್ಚದ ಮಕ್ಕಳು ಅವು. ಆ ಮೌನ ಶುರುವಾದರೆ ವ್ಯಾನ್ ಡ್ರೈವರ್ ಕೂಡ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ಆ ಕೋಣೆ ದಾಟುತ್ತಿದ್ದ. ದೇವರಿಗೂ ಅವನು ಅಷ್ಟು ಮರ್ಯಾದೆ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಗುಮಾಸ್ತರ ಕೋಣೆ ಅದರ ಪಕ್ಕದಲ್ಲೇ. ನಡುವೆ ಒಂದು ತೆಳು ಗೋಡೆ, ಗೋಡೆಯಲ್ಲೊಂದು ಬಾಗಿಲು, ಬಾಗಿಲಲ್ಲಿ ಅಂಗೈಯಗಲದ ಗಾಜು. ಗೋಡೆಗೆ ಒತ್ತಿ ಹಾಕಿದ ಮೇಜು. ಮೇಜಿನ ಮೇಲೆ ಗುಮಾಸ್ತರಿಗಿಂತ ಹಿರಿಯದಾದ ಒಂದು ಟೈಪ್‌ರೈಟರ್. ಹಾಜರಿ ಎಷ್ಟು, ಹಾಲು ಎಷ್ಟು ಲೋಟ, ಒದ್ದೆಯಾದ ಚಾದರ ಎಷ್ಟು ಎಂದು ದಿನವೂ ಮೂರು ಪ್ರತಿ ಹೊಡೆದು, ಮೂರು ಗಂಟೆಯ ವ್ಯಾನಿಗೆ ಕೊಡಬೇಕಿತ್ತು. ಗುಮಾಸ್ತರು ಟೈಪು ಕಲಿತದ್ದು ತಾವಾಗಿಯೇ, ಎರಡೇ ಬೆರಳಲ್ಲಿ. ಸದ್ದಿಗೆ ಮಕ್ಕಳು ಎದ್ದಾವೆಂದು ಯಂತ್ರದ ಅಡಿಗೆ ಅವರು ಕಂಬಳಿ ಮಡಿಸಿ ಇಟ್ಟರೆ, ಆಯಮ್ಮ ಮರುದಿನವೇ ಅದನ್ನು ಒಗೆಯಲೆಂದು ಎಳೆದುಕೊಂಡು ಹೋಗುತ್ತಿದ್ದರು. ಅಷ್ಟು ಚೊಕ್ಕಟದ ಹೆಂಗಸು.

ಈ ಗುಮಾಸ್ತರಿಗೆ ಲೋಕದಲ್ಲಿ ಒಂದೇ ಆಸೆ. ಹೆಡ್ಡಾಫೀಸಿಗೆ ವರ್ಗ. ಹೆಡ್ಡಾಫೀಸು ಅವರ ಮನೆಯಿಂದ ಹತ್ತು ನಿಮಿಷದ ನಡಿಗೆ. ಶಿಶುವಿಹಾರಕ್ಕಾದರೋ ಎರಡು ಬಸ್ಸು, ಎರಡು ಗಂಟೆ. ಬೆಳಗ್ಗೆ ಅವರು ಹೊರಡುವಾಗ ಮೂರು ವರ್ಷದ ಮಗಳು ಎದ್ದಿರುತ್ತಿರಲಿಲ್ಲ, ಮನೆ ಸೇರುವಾಗ ಮಲಗಿರುತ್ತಿದ್ದಳು. ಒಂದು ಭಾನುವಾರ ಆಕೆ ಇವರನ್ನು ಬಾಗಿಲಲ್ಲಿ ಕಂಡು ಒಳಗೆ ಕೂಗಿ ಹೇಳಿದ್ದಳು: "ಅಮ್ಮಾ, ಭಾನುವಾರದಪ್ಪ ಬಂದ್ರು!" ಹೆಂಡತಿ ನಕ್ಕಳು. ಗುಮಾಸ್ತರೂ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ತಿರುಗಿಸಿ ನಿಂತರು.

ಆರು ವರ್ಷದಲ್ಲಿ ಒಂಬತ್ತು ಅರ್ಜಿ ಹಾಕಿದರೂ ವರ್ಗ ಆಗಿರಲಿಲ್ಲ. ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಒಂದು ತಿಂಗಳು ದಿನವೂ ಆ ಗಾಜಿಗೆ ಕಣ್ಣಿಟ್ಟು ಆಯಮ್ಮ ಏನು ಮಾಡುತ್ತಾರೆಂದು ನೋಡಿದರು. ಎಲ್ಲವನ್ನೂ ಹನ್ನೊಂದು ಹೆಜ್ಜೆಗಳಾಗಿ ವಿಂಗಡಿಸಿದರು. ಒಂದೊಂದಕ್ಕೂ ಒಂದೊಂದು ಘನವಾದ ವಿವರಣೆ ಕೊಟ್ಟರು. ಮಕ್ಕಳ ಕಾಲು ತೊಳೆಯುವುದು 'ಪಾದದ ನರಗಳ ಮೂಲಕ ಮೆದುಳಿಗೆ ಶಾಂತಿ ರವಾನಿಸುವ ವಿಧಾನ'ವಾಯಿತು. ತಲೆ ಮುಟ್ಟುವುದು 'ಸ್ಪರ್ಶಾಭಯ'ವಾಯಿತು. ಹಿಂದೆ ಹಿಂದೆ ನಡೆದು ಹೊರಗೆ ಬರುವುದು 'ಅಗಲಿಕೆಯನ್ನು ಅರಿವಿಗೆ ತಾರದ ನಿರ್ಗಮನ'ವಾಯಿತು. ಮೇಲೆ 'ಶಿಶು ನಿದ್ರಾ ಕ್ರಮ' ಎಂದು ಹೆಸರು, ಕೆಳಗೆ 'ರೂಪಿಸಿದವರು' ಎಂದು ತಮ್ಮ ಸಹಿ. ಆಯಮ್ಮನ ಹೆಸರು ಬರೆಯಬೇಕೆಂದು ಮನಸ್ಸು ಒಂದು ಕ್ಷಣ ಹೇಳಿತ್ತು. ಆದರೆ ಭಾನುವಾರದಪ್ಪನ ಮನಸ್ಸಿಗೆ ಅವತ್ತು ಕಿವಿ ಇರಲಿಲ್ಲ.

ಹೆಡ್ಡಾಫೀಸಿನವರು ವರದಿ ಓದಿ ಬೆರಗಾದರು. ತಪಾಸಣೆಯ ಮೇಡಂ ಸ್ವತಃ ಬಂದು ಕಣ್ಣಾರೆ ನೋಡುತ್ತಾರೆಂದೂ, ಸರಿಕಂಡರೆ ಗುಮಾಸ್ತರನ್ನು ಹೆಡ್ಡಾಫೀಸಿಗೆ ಕರೆಸಿಕೊಂಡು ಎಲ್ಲ ಶಿಶುವಿಹಾರಗಳಲ್ಲೂ ಈ ಕ್ರಮ ಜಾರಿಗೆ ತರಲಾಗುವುದೆಂದೂ ಕಾಗದ ಬಂತು. ಆಯಮ್ಮ ಮಾಡುವುದು, ತಾವು ಪಕ್ಕದಲ್ಲಿ ನಿಂತು ವಿವರಿಸುವುದು ಎಂದು ಗುಮಾಸ್ತರು ಲೆಕ್ಕ ಹಾಕಿದ್ದರು. ಮೇಡಂ ಬರುವ ದಿನ ಇವತ್ತೇ.

"ಏನ್ ಗುಮಾಸ್ತ್ರೇ, ಹೀಗೆ ನಿಂತ್ಬಿಟ್ರಿ?" ಎಂದರು ದೊಡ್ಡ ಟೀಚರು. ಶಿಶುವಿಹಾರದ ಯಜಮಾನಿಕೆ ಅವರದು.

"ಆಯಮ್ಮ ಬರಲ್ವಂತೆ ಟೀಚರ್."

"ಬರ್ದೇ ಇದ್ರೆ ಏನಂತೆ? ಕ್ರಮ ರೂಪಿಸಿದವರು ನೀವೇ ಇದ್ದೀರಲ್ಲ. ನೀವೇ ಮಲಗಿಸಿ."

"ನಾನಾ?"

"ಮತ್ತೆ? ವರದಿಯಲ್ಲಿ ಹಾಗೇ ಬರ್ದಿದ್ದೀರಿ, ಈ ಕ್ರಮ ಅನುಸರಿಸಿದ್ರೆ ಯಾರು ಬೇಕಾದ್ರೂ ಮಲಗಿಸಬಹುದು ಅಂತ. ಓದಿ ನಾನೇ ಸಹಿ ಹಾಕಿದ್ದೀನಿ."

ಬರೆದದ್ದು ಹೌದು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸುದ್ದಿ ಅಡುಗೆಮನೆಗೂ ಅಂಗಳಕ್ಕೂ ಹೋಗಲು ಹೊತ್ತು ಹಿಡಿಯಲಿಲ್ಲ. ಮೊದಲು ಸೌಟು ಹಿಡಿದುಕೊಂಡೇ ಅಡುಗೆ ಅಕ್ಕ ಬಂದಳು. "ಹೆದರ್ಬೇಡಿ ಸಾರ್. ನಿದ್ದೆ ಇರೋದು ಹೊಟ್ಟೇಲಿ. ಹೊಟ್ಟೆ ತುಂಬಿದ್ರೆ ಕಣ್ಣು ತಾನಾಗೇ ಮುಚ್ಕೊಳುತ್ತೆ. ಇವತ್ತು ಒಬ್ಬೊಬ್ಬರಿಗೂ ಎರಡೆರಡು ಲೋಟ ಹಾಲು ಕುಡಿಸಿಬಿಡ್ತೀನಿ, ನೋಡ್ತಿರಿ."

ಅವಳು ಅತ್ತ ಹೋಗುತ್ತಲೇ ವ್ಯಾನ್ ಡ್ರೈವರ್ ಇತ್ತ ಬಂದ. "ಅವಳ ಮಾತು ಕೇಳ್ಬೇಡಿ ಸಾರ್. ನಿದ್ದೆ ಇರೋದು ಕಾಲಲ್ಲಿ. ಕಾಲು ದಣಿದ್ರೆ ಮನುಷ್ಯ ಔಟ್. ನಾನು ಮಕ್ಕಳನ್ನ ಅಂಗಳದಲ್ಲಿ ಹತ್ತು ಸುತ್ತು ಓಡಿಸ್ತೀನಿ. ಹನ್ನೊಂದನೇ ಸುತ್ತಿಗೆ ನಿಂತಲ್ಲೇ ಮಲಗ್ತವೆ."

ಬೇಡವೆನ್ನಲು ಗುಮಾಸ್ತರಿಗೆ ಧೈರ್ಯ ಬರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಎರಡಿದ್ದರೆ ಎರಡೂ ಇರಲಿ. ಮಧ್ಯಾಹ್ನ ಪುರಸೊತ್ತಿರಬೇಕೆಂದು ಅವರು ದಿನದ ಮೂರು ಪ್ರತಿಗಳನ್ನೂ ಅಂದಾಜಿನ ಮೇಲೆ ಬೆಳಗ್ಗೆಯೇ ಹೊಡೆದು ಮುಗಿಸಿ, ಯಂತ್ರಕ್ಕೆ ಮುಸುಕು ಹಾಕಿದರು. ಪರದೆ ಕಟ್ಟಿದರು. ಹದಿನೆಂಟು ಹಾಸಿಗೆಗಳನ್ನು ಆಯಮ್ಮ ಹಾಸುವಂತೆಯೇ ಗೋಡೆಗೆ ತಲೆಯಿಟ್ಟು ಹಾಸಿದರು. ಆಗ ದೊಡ್ಡ ಟೀಚರು ಬಂದು, "ಇದೇನ್ರೀ, ಎಲ್ಲಾ ಗೋಡೆ ಕಡೆ? ಮೇಡಂ ಬಾಗಿಲಿಂದ ನೋಡಿದ್ರೆ ಬರೀ ಪಾದಗಳೇ ಕಾಣ್ತವೆ. ಮುಖ ಕಾಣೋ ಹಾಗೆ ತಿರುಗಿಸಿ" ಎಂದರು. ಹದಿನೆಂಟು ಹಾಸಿಗೆಗಳೂ ತಿರುಗಿದವು.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೇಡಂ ಬಂದರು. ತೆಳ್ಳಗಿನ, ತಲೆ ನರೆತ ಹೆಂಗಸು. ಕಾಲಲ್ಲಿ ಸದ್ದು ಮಾಡದ ರಬ್ಬರ್ ಚಪ್ಪಲಿ, ಹೆಗಲಲ್ಲೊಂದು ಚೀಲ, ಕೈಯಲ್ಲಿ ಪುಸ್ತಕ. ಹೂವಿನ ಚಿತ್ರವಿದ್ದ ಮೊಣಕಾಲೆತ್ತರದ ಮಕ್ಕಳ ಕುರ್ಚಿಯೊಂದನ್ನು ಮೂಲೆಗೆ ಎಳೆದುಕೊಂಡು ಕೂತು, ಕೈಗಡಿಯಾರ ನೋಡಿಕೊಂಡು, "ಶುರು ಮಾಡಿ" ಎಂದರು. ಅಷ್ಟೇ ಮಾತು. ಹೆಚ್ಚು ಮಾತಾಡುವವರಿಗೆ ಗುಮಾಸ್ತರು ಹೆದರುತ್ತಿರಲಿಲ್ಲ. ಕಡಿಮೆ ಮಾತಾಡುವವರೆಂದರೆ ಅವರಿಗೆ ಮೊದಲಿನಿಂದಲೂ ಅಂಗೈ ಬೆವರುತ್ತಿತ್ತು.

ಒಂದನೇ ಹೆಜ್ಜೆ, ಕಾಲು ತೊಳೆಯುವುದು. ಹದಿನೆಂಟು ಮಕ್ಕಳಿಗೆ ಮೂವತ್ತಾರು ಕಾಲು ಎಂಬ ಸರಳ ಗಣಿತ ಗುಮಾಸ್ತರಿಗೆ ಅಂದೇ ಮನದಟ್ಟಾದದ್ದು. ಮೂವತ್ತಾರನೆಯ ಕಾಲು ತೊಳೆಯುವಷ್ಟರಲ್ಲಿ ಮೊದಲನೆಯ ಕಾಲು ಅಂಗಳಕ್ಕೆ ಹೋಗಿ ಬಂದಿತ್ತು. ಅದೂ ಅಲ್ಲದೆ ಡ್ರೈವರ್ ಓಡಿಸಿದ ಹತ್ತು ಸುತ್ತಿನಿಂದ ಮಕ್ಕಳು ದಣಿಯುವ ಬದಲು ಕಾವೇರಿದ್ದವು. ನಿಂತಲ್ಲೇ ಮಲಗಬೇಕಾದ ಮಕ್ಕಳು ಮಲಗಬೇಕಾದಲ್ಲಿ ನಿಂತು ಕುಣಿಯುತ್ತಿದ್ದವು. ದಣಿದದ್ದು ಡ್ರೈವರ್ ಒಬ್ಬನೇ.

ಹೇಗೋ ಎಲ್ಲರನ್ನೂ ಹಾಸಿಗೆಯ ಮೇಲೆ ಉರುಳಿಸಿದ್ದಾಯಿತು. ಗುಮಾಸ್ತರು ನಡುವೆ ಕೂತು ಬಾಯಿ ಮುಚ್ಚಿಕೊಂಡು, ಆಯಮ್ಮನ ಹಾಗೆ 'ಹೂಂ... ಊಂ...' ಎಂದು ಗುನುಗಿದರು. ಕೋಣೆ ಒಂದು ಕ್ಷಣ ನಿಶ್ಶಬ್ದವಾಯಿತು. ಗುಮಾಸ್ತರ ಎದೆ ಉಬ್ಬಿತು.

"ಮಾಮಾ, ಜೇನುಹುಳ ಎಲ್ಲಿ?" ಎಂದು ಒಂದು ಸ್ವರ ಕೇಳಿತು. ಅದು ಪ್ರಶ್ನೆಪುಟ್ಟಿ. ದಿನಕ್ಕೆ ನಾನೂರು ಪ್ರಶ್ನೆ ಕೇಳಿ ಆ ಹೆಸರು ಪಡೆದವಳು.

"ಜೇನುಹುಳ ಇಲ್ಲ ಪುಟ್ಟಿ. ಮಲಗು."

"ಮತ್ತೆ ನಿಮ್ಮ ಹೊಟ್ಟೇಲಿದ್ಯಾ?"

ಅಷ್ಟು ಸಾಕಾಯಿತು. ಹದಿನೆಂಟು ಜೇನುಹುಳಗಳು ಎದ್ದು, ತೋಳು ಬಿಚ್ಚಿ, ಗುಂಯ್‌ಗುಡುತ್ತ ಕೋಣೆ ತುಂಬಾ ಹಾರತೊಡಗಿದವು. ಮೇಡಂ ಪುಸ್ತಕದಲ್ಲಿ ಏನೋ ಒಂದು ಸಾಲು ಬರೆದುಕೊಂಡರು.

ಗುಮಾಸ್ತರು ಸೀದಾ ಎಂಟನೆಯ ಹೆಜ್ಜೆಗೆ ಹಾರಿದರು. ಸ್ಪರ್ಶಾಭಯ. ಎದುರಿಗೆ ಸಿಕ್ಕ ಗುಂಡುವಿನ ತಲೆಯನ್ನು ಮೆಲ್ಲನೆ ಮುಟ್ಟಿದರು. ಗುಂಡು ಎಂದರೆ ಅಗಲಕ್ಕೂ ಉದ್ದಕ್ಕೂ ವ್ಯತ್ಯಾಸವಿಲ್ಲದ ಮೂರು ವರ್ಷದ ಹುಡುಗ. ಅವನು ಕಣ್ಣರಳಿಸಿ, "ನಾನು ಔಟ್! ಮಾಮ ಮುಟ್ಟಿದ್ರು!" ಎಂದು ಕಿರುಚಿದ. ಮುಟ್ಟಾಟ ಶುರುವಾಯಿತು. ಅಭಯ ಕೊಡಲು ಗುಮಾಸ್ತರು ಕೈ ಚಾಚಿದಷ್ಟೂ ಮಕ್ಕಳು ಕಿಲಕಿಲ ನಗುತ್ತ ಓಡುತ್ತಿದ್ದವು. ಇನ್ನೊಂದು ಹೆಜ್ಜೆಯಂತೆ ಆಕಳಿಸಿ ತೋರಿಸಿದರೆ, ಸಾಲಾಗಿ ನಿಂತು ಅವರ ಬಾಯೊಳಗೆ ಇಣುಕಿದವು. "ಮಾಮನ ಹಲ್ಲಲ್ಲಿ ಬೆಳ್ಳಿ ಇದೆ!" ಎಂದು ಕಂಡುಹಿಡಿದವಳೂ ಪ್ರಶ್ನೆಪುಟ್ಟಿಯೇ. ಒಂದು ಸಲ ನೋಡಿದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ಅಷ್ಟು ಹೊತ್ತಿಗೆ ಅಡುಗೆ ಅಕ್ಕನ ಎರಡೆರಡು ಲೋಟ ಹಾಲು ತನ್ನ ಪ್ರಭಾವ ತೋರತೊಡಗಿತು. ಗುಂಡು ಮೊದಲು ಒಂದು ಬೆರಳೆತ್ತಿದ. ಅವನನ್ನು ನೋಡಿ ಇನ್ನೊಬ್ಬಳು. ನೋಡುನೋಡುತ್ತ ಕೋಣೆಯಲ್ಲಿ ಹದಿನೆಂಟು ಬೆರಳು ಎದ್ದು ನಿಂತವು. ಅಡುಗೆ ಅಕ್ಕ ಇಬ್ಬಿಬ್ಬರನ್ನು ಕಂಕುಳಲ್ಲಿ ಇರುಕಿಕೊಂಡು ಬಚ್ಚಲಿಗೆ ಓಡಿದಳು. ಕಾಯಲಾರದವರು ಕಾಯಲಿಲ್ಲ. ಗುಮಾಸ್ತರು ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಹನ್ನೊಂದನೆಯ ಹೆಜ್ಜೆಯಂತೆ ಹಿಂದೆ ಹಿಂದೆ ನಡೆದು, ಆಟಿಕೆಯ ಬುಟ್ಟಿಯಲ್ಲಿ ಕೂತರು. ಅಲ್ಲಿದ್ದ ರಬ್ಬರ್ ಬಾತುಕೋಳಿ 'ಕ್ವಾಕ್' ಎಂದಿತು. ಆ ಸದ್ದಿಗೆ, ಅದುವರೆಗೆ ಅಳದೆ ಇದ್ದ ಎರಡು ವರ್ಷದ ಕೂಸೊಂದು ಬಾಯಿ ತೆರೆಯಿತು. ಅದಕ್ಕೆ ಅಲ್ಲಿ ಎಲ್ಲರೂ ಸೈರನ್ ಎನ್ನುತ್ತಿದ್ದರು. ಆ ಹೆಸರಿಗೆ ವಿವರಣೆ ಬೇಕಾಗಿಲ್ಲ.

ಗಂಟೆ ಎರಡಾಯಿತು. ಏಳು ನಿಮಿಷದ ಕ್ರಮ ನಲವತ್ತೈದು ನಿಮಿಷ ದಾಟಿತ್ತು.

"ನಮ್ಮ ಮಾನ ಹೋಯ್ತು" ಎಂದರು ದೊಡ್ಡ ಟೀಚರು, ಬಾಗಿಲಲ್ಲಿ ನಿಂತು.

ಬುಟ್ಟಿಯಲ್ಲಿ ಕೂತಲ್ಲಿಂದಲೇ ಗುಮಾಸ್ತರು ಮೇಡಂ ಕಡೆ ನೋಡಿದರು. ಮೇಡಂ ಮುಖದಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. ಇದ್ದಕ್ಕಿದ್ದಂತೆ ಗುಮಾಸ್ತರಿಗೆ ಆಯಮ್ಮನ ನೆನಪಾಯಿತು. ಹದಿನಾಲ್ಕು ವರ್ಷ ಈ ಪಡೆಯನ್ನು ಆ ಮುದುಕಿ ಒಬ್ಬಳೇ ದಿನದಿನವೂ ಮಲಗಿಸಿದ್ದಾಳೆ! ಒಂದು ದಿನವಾದರೂ ಗದರಿದ್ದಿಲ್ಲ, ಯಾರ ಬಳಿಯೂ ಹೇಳಿಕೊಂಡದ್ದಿಲ್ಲ. ಆ ಪವಾಡವನ್ನು ಅಂಗೈಯಗಲದ ಗಾಜಿನಿಂದ ಕದ್ದು ನೋಡಿ ತನ್ನ ಹೆಸರು ಬರೆದುಕೊಂಡೆನಲ್ಲ ಎಂದು ಅವರಿಗೆ ಮೈಯೆಲ್ಲ ನಾಚಿಕೆಯಾಯಿತು. ಬೆಟ್ಟದ ಬುಡದಲ್ಲಿ ನಿಂತಾಗ ಆಗುವಂಥ ಒಂದು ಬೆರಗೂ ಆಯಿತು.

"ಮೇಡಂ, ಐದು ನಿಮಿಷ ಟೈಮ್ ಕೊಡಿ" ಎಂದು ಎದ್ದು, ಪಕ್ಕದ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಂತ್ರದ ಮುಸುಕು ತೆಗೆದು ಹಾಳೆ ಏರಿಸಿದರು. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೊಡೆಯತೊಡಗಿದರು.

ಟಕ್... ಟಕ್... ಟಕ್. 'ಮಾನ್ಯರೇ, ಈ ಹನ್ನೊಂದು ಹೆಜ್ಜೆಗಳು ನನ್ನವಲ್ಲ.' ಟಿಣ್. 'ಇವು ಇಲ್ಲಿನ ಆಯಮ್ಮನವರವು. ನಾನು ಕದ್ದು ನೋಡಿ ಬರೆದೆ.' ಟಿಣ್. ಬರೆಯಲು ಕೂತ ಮೇಲೆ ಮನಸ್ಸು ಹಗುರಾಗುತ್ತ ಹೋಯಿತು. ವರ್ಗ ಬೇಕಿದ್ದದ್ದು ಏಕೆಂದು ಬರೆದರು. ಮಗಳು ತಮ್ಮನ್ನು ಏನೆಂದು ಕರೆದಳೆಂದು ಬರೆದರು. ಆಯಮ್ಮನಿಗೆ ಸಲ್ಲಬೇಕಾದ ಗೌರವ ಸಲ್ಲಲಿ, ತಮಗೆ ಏನು ಶಿಕ್ಷೆಯಾದರೂ ಆಗಲಿ ಎಂದು ಬರೆದರು. ತಪ್ಪಿದ ಅಕ್ಷರಗಳ ಮೇಲೆ ಮತ್ತೆ ಅಕ್ಷರ ಹೊಡೆದರು. ಐದು ನಿಮಿಷ ಇಪ್ಪತ್ತಾಯಿತು. ಸೈರನ್ ಯಾವಾಗ ನಿಂತಿತೆಂಬುದು ಅವರ ಗಮನಕ್ಕೆ ಬರಲಿಲ್ಲ. ಸಹಿಯ ಜಾಗ ಬಿಟ್ಟು ಕೈ ತೆಗೆದಾಗಲೇ ಗೊತ್ತಾದದ್ದು. ಪಕ್ಕದ ಕೋಣೆಯಲ್ಲಿ ಸದ್ದೇ ಇಲ್ಲ.

ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಮೇಡಂ ಹೊರಟುಹೋಗಿರಬೇಕು ಎಂದುಕೊಂಡರು. ಹಾಳೆ ಹಿಡಿದು ಬಾಗಿಲು ತಳ್ಳಿದರು.

ಹದಿನೆಂಟೂ ಮಕ್ಕಳು ಮಲಗಿದ್ದವು.

ಹಾಸಿದ ಹಾಸಿಗೆಗಳ ಮೇಲಲ್ಲ. ಎಲ್ಲವೂ ತೆವಳಿ, ಉರುಳಿ, ಈ ಕಡೆಯ ಗೋಡೆಯ ಬುಡಕ್ಕೆ ಬಂದು, ಬುಟ್ಟಿಯಲ್ಲಿನ ಬೆಕ್ಕಿನ ಮರಿಗಳಂತೆ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಗುಂಡುವಿನ ಹೊಟ್ಟೆಯ ಮೇಲೆ ಪ್ರಶ್ನೆಪುಟ್ಟಿಯ ತಲೆ. ಆ ಹೊಟ್ಟೆ ಏರಿದಾಗ ಈ ತಲೆ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಸೈರನ್ ತನ್ನ ಪುಟ್ಟ ಮುಷ್ಟಿ ಬಿಚ್ಚಿ ಅಂಗೈಯನ್ನು ಗೋಡೆಗೆ ಆನಿಸಿತ್ತು. ಕಣ್ಣಂಚಿನಲ್ಲಿ ಇನ್ನೂ ಒಂದು ಹನಿ. ನೀಲಿ ಪರದೆಯಿಂದ ಬಸಿದ ಬೆಳಕಿನಲ್ಲಿ ಹದಿನೆಂಟು ಉಸಿರು ಒಟ್ಟಾಗಿ ಏರಿ ಒಟ್ಟಾಗಿ ಇಳಿಯುತ್ತಿದ್ದವು. ಆ ಕೋಣೆಯೇ ಉಸಿರಾಡುತ್ತಿದೆ ಅನಿಸಿತು.

ಆರು ವರ್ಷ ಗುಮಾಸ್ತರು ಈ ಮೌನದ ಪಕ್ಕದಲ್ಲಿ ಕೂತಿದ್ದರು. ಒಂದು ದಿನವೂ ಒಳಗೆ ಬಂದು ನೋಡಿರಲಿಲ್ಲ. ಆಯಮ್ಮ ಹೊರಗೆ ಬರುತ್ತಲೇ ಗಾಜು ಬಿಟ್ಟು ಮೇಜಿಗೆ ಬರುವುದು ಅವರ ಪದ್ಧತಿ. ಈಗ ನೋಡುತ್ತ ನಿಂತರು. ಅರ್ಧ ಗಂಟೆಯ ಹಿಂದೆ ಲಂಕಾದಹನ ಮಾಡಿದ ಮಕ್ಕಳು ಇವೇ ಏನು? ಇಷ್ಟು ದೊಡ್ಡದೊಂದು ಶಾಂತಿ ಇಷ್ಟು ಸಣ್ಣ ಮೈಗಳಲ್ಲಿ ಎಲ್ಲಿತ್ತು? ಅವರಿಗೆ ಕೈ ಮುಗಿಯಬೇಕೆನಿಸಿತು. ಆದರೆ ಕೈಯಲ್ಲಿ ಹಾಳೆಯಿತ್ತು. ಗೋಡೆಗೆ ಒರಗಿ ವ್ಯಾನ್ ಡ್ರೈವರ್ ಬಾಯಿ ಬಿಟ್ಟು ಮಲಗಿದ್ದ. ಅಡುಗೆ ಅಕ್ಕ ಅವನ ಪಕ್ಕದಲ್ಲೇ, ಸೌಟಿನ ಸಮೇತ. ಬಾಗಿಲಲ್ಲಿ ದೊಡ್ಡ ಟೀಚರು ನಿಂತೇ ತೂಕಡಿಸುತ್ತಿದ್ದರು. ಎಚ್ಚರವಿದ್ದವರು ಮೇಡಂ ಒಬ್ಬರೇ. ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದ ಹಾಗಿತ್ತು.

ಆಗ ಸೈರನ್ ಮಿಸುಕಿತು. ಗುಂಡು ಮಗ್ಗುಲು ಬದಲಿಸಿದ. ಪ್ರಶ್ನೆಪುಟ್ಟಿ ಒಂದು ಕಣ್ಣು ತೆರೆದು, "ಯಾಕೆ ನಿಂತುಹೋಯ್ತು?" ಎಂದಳು.

ಮೇಡಂ ಕುರ್ಚಿಯಿಂದ ಜಿಗಿದೆದ್ದು, ಗುಮಾಸ್ತರ ಭುಜ ಹಿಡಿದು ತಿರುಗಿಸಿ, ಪಿಸುಮಾತಿನಲ್ಲೇ ಗದರಿದರು: "ಹೋಗ್ರೀ! ಟೈಪ್ ಮಾಡ್ರೀ!"

"ಏನ್ ಟೈಪ್ ಮಾಡ್ಲಿ ಮೇಡಂ?"

"ಏನಾದ್ರೂ! ಬೇಗ!"

ಗುಮಾಸ್ತರು ಓಡಿ, ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆಸೆದು ಹೊಸದೊಂದು ಏರಿಸಿದರು. ಟಕ್... ಟಕ್... ಟಕ್. 'ಕಕಕ ಗಗಗ'. ಟಿಣ್. ತೆರೆದ ಬಾಗಿಲಿನಿಂದ ಅವರಿಗೆ ಕಂಡಿತು. ಪ್ರಶ್ನೆಪುಟ್ಟಿಯ ಕಣ್ಣು ಮುಚ್ಚಿತು. ಇನ್ನೊಂದು ಟಿಣ್‌ಗೆ ಗುಂಡುವಿನ ಬಾಯಿ ತೆರೆಯಿತು. ಮೂರನೆಯದಕ್ಕೆ ಸೈರನ್‌ನ ಅಂಗೈ ಮತ್ತೆ ಗೋಡೆಗೆ ಅಂಟಿತು. ಗುಮಾಸ್ತರು ತಮ್ಮ ಎರಡು ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ಎರಡೂವರೆಗೆ ಆಯಮ್ಮ ಬಂದರು. ಮೊಮ್ಮಗಳ ಸುದ್ದಿ ಹೇಳಿ, ಹಂಚಲೆಂದು ತಂದ ಸಕ್ಕರೆಯ ಪೊಟ್ಟಣ ಹಿಡಿದುಕೊಂಡು. ಗುಮಾಸ್ತರ ಕೋಣೆಗೆ ಬಂದವರು ಟೈಪು ಹೊಡೆಯುತ್ತಿದ್ದ ಅವರನ್ನೂ, ಪಕ್ಕದಲ್ಲಿ ತಪ್ಪೊಪ್ಪಿಗೆ ಓದುತ್ತ ನಿಂತ ಮೇಡಂ ಅವರನ್ನೂ ನೋಡಿದರು.

"ಆಯಮ್ಮಾ," ಎಂದರು ಮೇಡಂ ಮೆಲ್ಲಗೆ, "ಈ ಹನ್ನೊಂದು ಹೆಜ್ಜೆ ನಿಮ್ಮದಂತೆ. ಹೌದಾ?"

ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಡುಗೆಯವಳು ಆ ವರದಿ ಓದಿ ಹೇಳಿದ್ಲು ತಾಯಿ. ಯಾವ ಹೆಜ್ಜೆ ಬಂತು? ಕಾಲು ತೊಳೆಯೋದು ಚಾದರ ಮಣ್ಣಾಗ್ಬಾರ್ದು ಅಂತ, ಒಗೆಯೋಳು ನಾನೇ ಅಲ್ವಾ? ತಲೆ ಮುಟ್ಟೋದು ಹದಿನೆಂಟೂ ಇದ್ದಾವಾ ಅಂತ ಎಣಿಸೋಕೆ. ಬಾಯಿ ಮುಚ್ಕೊಂಡು ಗುನುಗೋದು ಹಲ್ಲುನೋವಿಗೆ ಲವಂಗ ಇಟ್ಕೊಂಡಿರ್ತೀನಿ ಅಂತ. ಆಕಳಿಸೋದು ನಿಜವಾದ ಆಕಳಿಕೆ, ನಾಲ್ಕಕ್ಕೆ ಏಳ್ತೀನಿ. ಹಿಂದೆ ಹಿಂದೆ ಬರೋದು, ತಿರುಗಿದ್ರೆ ಆ ಗುಂಡು ಸೆರಗು ಹಿಡ್ಕೋತಾನೆ."

"ಮತ್ತೆ ಮಕ್ಕಳು ಮಲಗೋದು?"

"ಅದು ಸಾರ್ ಟೈಪಿಗೆ. ದಿನಾ ಅದೇ ಹೊತ್ತು, ಅದೇ ಸದ್ದು. ಹಿಂದೆಲ್ಲಾ ನಾನೂ ಒದ್ದಾಡ್ತಿದ್ದೆ ತಾಯಿ. ಆರು ವರ್ಷದ ಹಿಂದೆ ಇವರು ಬಂದು ಇಲ್ಲಿ ಮೇಜು ಹಾಕಿದ್ರು ನೋಡಿ, ಅವತ್ತಿಂದ ನಾನು ಗೆದ್ದೆ."

ಟಕ್... ಟಕ್. ಗುಮಾಸ್ತರ ಕಿವಿ ಬಿಸಿಯಾಯಿತು. ಕದ್ದೆನೆಂದು ಈಗಷ್ಟೇ ಹಾಳೆ ತುಂಬಾ ತಪ್ಪೊಪ್ಪಿಕೊಂಡ ಮಾಲು ತಮ್ಮದೇ!

"ನಂಗ್ಯಾಕೆ ಹೇಳ್ಲಿಲ್ಲ ಆಯಮ್ಮಾ?" ಎಂದರು, ಬೆರಳು ನಿಲ್ಲಿಸದೆ.

"ಹೇಳಿದ್ರೆ ನೀವು ನಾಚ್ಕೊಂಡು ಮೆಲ್ಲಗೆ ಹೊಡೀತಿದ್ರಿ ಸಾರ್. ಮೊದಲೇ ಕಂಬಳಿ ಮಡಚಿ ಇಡೋರು."

ಮೇಡಂ ಯೋಚಿಸಿದರು. "ಹಾಗಾದ್ರೆ ಬೇರೆ ಟೈಪಿಸ್ಟ್ ಒಬ್ಬರನ್ನ ಹಾಕಿದ್ರೂ ಆಗುತ್ತಲ್ಲ?"

ಗುಮಾಸ್ತರ ಮುಖದಲ್ಲಿ ದೀಪ ಹತ್ತಿತು.

"ಇಲ್ಲ ತಾಯಿ" ಎಂದು ಆಯಮ್ಮ ದೀಪ ಆರಿಸಿದರು. "ಇವರಿಗೆ ಜ್ವರ ಬಂದಾಗ ಎರಡು ದಿನ ಒಬ್ಬಳು ಬಂದಿದ್ಲು. ಹತ್ತು ಬೆರಳಲ್ಲೂ ಸರಸರ ಹೊಡೆಯೋಳು. ಮಕ್ಕಳು ಎದ್ದು ಕುಣಿದ್ವು. ಇವರ ಹಾಗೆ ಎರಡೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ಮಧ್ಯ ಮಧ್ಯ ನಿಟ್ಟುಸಿರು ಬಿಟ್ಕೊಂಡು ಹೊಡೆಯೋಕೆ ಯಾರಿಗ್ ಬರುತ್ತೆ? ನಿಮ್ಮ ಹೆಡ್ಡಾಫೀಸಲ್ಲಿ ಇದ್ದಾರಾ?"

ಮೇಡಂ ಮಲಗಿದ ಮಕ್ಕಳತ್ತ ನೋಡಿದರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಗುಮಾಸ್ತರಿಗೆ ಓರೆಗಣ್ಣಿನಲ್ಲೇ ಕಂಡಿತು. ವರ್ಗದ ಆದೇಶ! ಸಹಿಯೂ ಬಿದ್ದಿತ್ತು, ಮೊಹರೂ ಬಿದ್ದಿತ್ತು. ಮೇಡಂ ಅದನ್ನು ಸದ್ದಾಗದಂತೆ ಎರಡು ಮಡಿಕೆ ಮಾಡಿದರು, ನಾಲ್ಕು ಮಡಿಕೆ ಮಾಡಿದರು, ವಾಪಸ್ಸು ಚೀಲಕ್ಕೆ ಹಾಕಿದರು.

"ಇಂಥಾದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ. ಈ ಗೋಡೆ ಬಿಟ್ಟು ಈ ಮೇಜು ಅಲ್ಲಾಡಬಾರ್ದು" ಎಂದರು ಭಕ್ತಿಯಿಂದ. "ಮೇಜು ಬಿಟ್ಟು ಇವರು ಅಲ್ಲಾಡಬಾರ್ದು. ನಾನೇ ಬರೆದು ಹಾಕ್ತೀನಿ."

"ಮೇಡಂ, ನನ್ನ ಮಗಳು..." ಎಂದರು ಗುಮಾಸ್ತರು. ಬೆರಳು ತಡವರಿಸಿತು. ಒಳಗೆ ಸೈರನ್ ಕುಂಯ್‌ಗುಟ್ಟಿತು. ಮೇಡಂ, ಆಯಮ್ಮ, ಆಗತಾನೇ ಎಚ್ಚರಗೊಂಡ ದೊಡ್ಡ ಟೀಚರು, ಮೂವರೂ ಒಟ್ಟಿಗೆ ಅವರನ್ನು ದುರುಗುಟ್ಟಿ ನೋಡಿದರು. ಬೆರಳು ಮತ್ತೆ ಸರಿಹೋಯಿತು. ಟಕ್... ಟಕ್.

"ಮೇಡಂ, ಅವಳು ನನ್ನನ್ನ ಭಾನು..." ಮತ್ತೆ ತಡವರಿಸಿತು. ಮತ್ತೆ ಕುಂಯ್.

"ಮಾತಾಡ್ಬೇಡಿ" ಎಂದರು ಮೇಡಂ ಪಿಸುದನಿಯಲ್ಲಿ. "ಹೇಳೋದು ಏನಿದ್ರೂ ಬರೆದು ಕಳಿಸಿ." ರಬ್ಬರ್ ಚಪ್ಪಲಿಯನ್ನೂ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಹೊರಟುಹೋದರು.

ಮೂರು ಗಂಟೆಗೆ ಇನ್ನೂ ಕಾಲು ಗಂಟೆಯಿತ್ತು. ದಿನದ ಮೂರು ಪ್ರತಿ ಬೆಳಗ್ಗೆಯೇ ಮುಗಿದಿದ್ದವು. ಹೊಡೆಯಲು ಬೇರೇನೂ ಇರಲಿಲ್ಲ. ಗುಮಾಸ್ತರು ಹೊಸ ಹಾಳೆ ಏರಿಸಿ, ದೀರ್ಘವಾಗಿ ಒಂದು ಉಸಿರು ಬಿಟ್ಟು, ಹತ್ತನೆಯ ಅರ್ಜಿ ಶುರು ಮಾಡಿದರು. 'ಮಾನ್ಯರೇ, ನನಗೆ ಮೂರು ವರ್ಷದ ಮಗಳಿದ್ದಾಳೆ.' ಟಿಣ್. 'ಅವಳು ಎಚ್ಚರವಿರುವಾಗ ನಾನು ಮನೆಯಲ್ಲಿರುವುದಿಲ್ಲ.' ಟಿಣ್. 'ದಯವಿಟ್ಟು ನನ್ನನ್ನು ಹೆಡ್ಡಾಫೀಸಿಗೆ ವರ್ಗ ಮಾಡಬೇಕಾಗಿ ಪ್ರಾರ್ಥನೆ.' ಟಿಣ್.

ಗೋಡೆಯ ಆ ಕಡೆ ಸೈರನ್ ನಿದ್ದೆಯಲ್ಲೇ ನಕ್ಕಿತು. ಹದಿನೆಂಟು ಉಸಿರು ಇನ್ನೂ ಆಳಕ್ಕೆ ಇಳಿದವು. ಆಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಹದಿನಾಲ್ಕು ವರ್ಷದಲ್ಲಿ ಮಕ್ಕಳು ಇಷ್ಟು ಗಾಢವಾಗಿ ಮಲಗಿದ್ದನ್ನು ಅವರು ಕಂಡಿರಲಿಲ್ಲ. ಮೆಲ್ಲಗೆ ಬಂದು ಗುಮಾಸ್ತರ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರು.

"ಇದು ತುಂಬಾ ಚೆನ್ನಾಗಿದೆ ಸಾರ್" ಎಂದರು. "ನಾಳೆಯಿಂದ ದಿನಾ ಇದನ್ನೇ ಹೊಡೀರಿ."